ಬೋಪಣ್ಣನಿಗೂ ನನಗೂ ಒಂದೇ ನೆಟ್ಟು

2024ರ ಜನವರಿಯಲ್ಲಿ ರೋಹನ್ ಬೋಪಣ್ಣ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಟೆನ್ನಿಸ್ ಡಬಲ್ಸ್ ಗೆದ್ದರು, ಡಬಲ್ಸ್‌ನಲ್ಲಿ ಪ್ರಪಂಚಕ್ಕೇ ನಂಬರ್ ಒನ್ ಆದರು. ಆಗ ಅವರಿಗೆ 43 ವರ್ಷ. ನನಗೂ 43. ಅವರು ಕೊಡಗಿನವರು, ನಾನು ಮೈಸೂರಿನ ಸರಸ್ವತಿಪುರಂನವನು, ಮಧ್ಯೆ ಇರುವುದು ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ಅಷ್ಟೇ. ಇಷ್ಟು ಹತ್ತಿರದಲ್ಲಿದ್ದುಕೊಂಡು ನಾನು ಸುಮ್ನೆ ಕೂತರೆ ಚೆನ್ನಾಗಿರಲ್ಲ ಅಂತ ಮಾರನೇ ವಾರವೇ ಒಂದು ರ‍್ಯಾಕೆಟ್ ತಂದೆ.

ಕುಕ್ಕರಹಳ್ಳಿ ಕೆರೆ ಸುತ್ತಿ ಬರ್ತೀನಿ ಅಂತ ಹೊರಡುತ್ತಿದ್ದವನು ಹೀಗೆ ಬೆಳಿಗ್ಗೆ ಆರಕ್ಕೆ ಕೆಮ್ಮಣ್ಣಿನ ಕೋರ್ಟಿಗೆ ಬಿದ್ದೆ. ಬಿದ್ದೆ ಅನ್ನುವುದು ಮಾತಿಗೆ ಹೇಳಿದ್ದಲ್ಲ. ಎರಡನೇ ದಿನವೇ ಹಿಂದಕ್ಕೆ ಓಡುತ್ತಾ ಚೆಂಡು ನೋಡಲು ಹೋಗಿ ಬಿದ್ದೆ, ಬಿಳಿ ಚಡ್ಡಿ ಕಾವಿಯಾಯಿತು. ಅದು ಇವತ್ತಿಗೂ ಕಾವಿಯೇ.

ನನ್ನ ದೂರು ಇಷ್ಟೇ: ಈ ಆಟಕ್ಕೆ ಕರುಣೆ ಇಲ್ಲ. ನಾವು ಬೀದಿಯಲ್ಲಿ ಆಡಿದ ಕ್ರಿಕೆಟ್ ನೋಡಿ, ಎಷ್ಟು ಒಳ್ಳೆಯ ಆಟ. ಮೊದಲನೇ ಬಾಲ್ ಟ್ರಯಲ್, ಒನ್ ಪಿಚ್ ಹಿಡಿದರೆ ಔಟ್, ಅಜ್ಜಿ ಮನೆ ಕಾಂಪೌಂಡಿಗೆ ಹೋದರೂ ಔಟ್, ಬ್ಯಾಟ್ ತಂದವನು ಮಾತ್ರ ಎರಡು ಸಲ ಔಟಾಗಬೇಕು. ಯಾರಿಗೆ ಎಷ್ಟು ಆಗುತ್ತೋ ಅಷ್ಟಕ್ಕೆ ಕಾನೂನು. ಟೆನ್ನಿಸ್‌ನಲ್ಲಿ ಹಾಗಿಲ್ಲ. ವಿಂಬಲ್ಡನ್‌ನಲ್ಲೂ ನೆಟ್ಟಿನ ಎತ್ತರ ನಡುವೆ 3 ಅಡಿ, ತುದಿಯಲ್ಲಿ ಮೂರೂವರೆ ಅಡಿ, ನಮ್ಮಲ್ಲೂ ಅಷ್ಟೇ. ಕೋರ್ಟಿನ ಉದ್ದ ಅಲ್ಲೂ 78 ಅಡಿ, ಇಲ್ಲೂ 78 ಅಡಿ. ಹೊಟ್ಟೆ ಇದ್ದವರಿಗೆ, ಕನ್ನಡಕ ಇದ್ದವರಿಗೆ, ರಾತ್ರಿ ಬಾಡೂಟ ಮಾಡಿ ಬಂದವರಿಗೆ ಒಂದಡಿಯ ರಿಯಾಯಿತಿಯೂ ಇಲ್ಲ. ಟೀವಿಯಲ್ಲಿ ನೋಡುವಾಗ ಇದು ಗೊತ್ತಾಗಲ್ಲ. ಕ್ಯಾಮೆರಾ ಮೇಲಿಂದ ನೋಡುತ್ತಿರುತ್ತದೆ, ನೆಟ್ಟು ಗಿಡ್ಡ ಕಾಣುತ್ತೆ, ಚೆಂಡು ನಿಧಾನ ಅನ್ನಿಸುತ್ತೆ, ಸೋಫಾದಲ್ಲಿ ಕೂತು ಕಡ್ಲೆಪುರಿ ತಿನ್ನುತ್ತಾ ‘ಅಯ್ಯೋ, ಇದನ್ನ ಬಿಟ್ನಲ್ಲಾ’ ಅಂತೀವಿ. ಕೋರ್ಟಿಗೆ ಇಳಿದು ನಿಂತರೆ ಅದೇ ನೆಟ್ಟು ಚಾಮುಂಡಿ ಬೆಟ್ಟ.

ದೊಡ್ಡವರ ಪಂದ್ಯದಲ್ಲಿ ಮೊದಲ ಏಳು ಗೇಮಿಗೆ, ಆಮೇಲೆ ಪ್ರತಿ ಒಂಬತ್ತು ಗೇಮಿಗೆ ಹೊಸ ಚೆಂಡು. ನಮ್ಮಲ್ಲಿ ಮೂರು ಚೆಂಡಿನ ಒಂದು ಡಬ್ಬ ಒಂದೂವರೆ ತಿಂಗಳು ಬರಬೇಕು. ಕೂದಲೆಲ್ಲ ಉದುರಿ ಬೋಳಾದ ಮೇಲೆ ಅದು ಕೋರ್ಟ್ ನೋಡಿಕೊಳ್ಳುವ ಮಾರ್ಕರ್ ಮಗನ ಕ್ರಿಕೆಟ್ಟಿಗೆ ಹೋಗುತ್ತೆ. ಅಲ್ಲಿ ಅದಕ್ಕೆ ಕೊನೆಗೂ ಸರಿಯಾದ ಏಟು ಬೀಳುತ್ತೆ.

ಈ ಕಲ್ಲುಹೃದಯದ ಆಟದಲ್ಲಿ ಇರುವ ಒಂದೇ ಒಂದು ದಯೆ ಎರಡನೇ ಸರ್ವ್. ಸರ್ವ್ ಅಂದರೆ ಪಾಯಿಂಟ್ ಶುರು ಮಾಡುವ ಹೊಡೆತ. ಮೊದಲನೆಯದು ತಪ್ಪಿತಾ, ಹೋಗಲಿ, ಇನ್ನೊಂದು ಹಾಕಪ್ಪ. ನಾನು ಇದನ್ನು ಮನೆಯಲ್ಲೂ ದೊಡ್ಡದಾಗಿ ಹೊಗಳಿದ್ದೆ. ತಪ್ಪು ಮಾಡಿದವನಿಗೆ ಎರಡನೇ ಅವಕಾಶ ಕೊಡೋದು ಎಂಥಾ ಸಂಸ್ಕಾರ ನೋಡು, ಅಂತ.

ನನ್ನ ಡಬಲ್ಸ್ ಜೋಡಿ ರಿಟೈರಾದ ಗಣಿತದ ಮೇಷ್ಟ್ರು, 68 ವಯಸ್ಸು. ನಿಂತ ಜಾಗ ಬಿಟ್ಟು ಎರಡು ಹೆಜ್ಜೆಗಿಂತ ಜಾಸ್ತಿ ಹೋಗಲ್ಲ, ಆದರೆ ಎಲ್ಲ ಚೆಂಡೂ ಅವರು ನಿಂತಲ್ಲಿಗೇ ಬರುತ್ತೆ. ರ‍್ಯಾಕೆಟ್ಟನ್ನು ದೋಸೆ ಮಗುಚುವ ಹಾಗೆ ಹಿಡಿದು ಸುಮ್ನೆ ಕತ್ತರಿಸುತ್ತಾರೆ, ಚೆಂಡು ಆ ಕಡೆ ಬಿದ್ದು ಏಳುವುದೇ ಇಲ್ಲ. ಒಂದು ಭಾನುವಾರ ಅವರು ನೆಟ್ ಹತ್ತಿರ ಬಗ್ಗಿ ನಿಂತಿದ್ದರು. ನಾನು ಹಿಂದಿನ ರಾತ್ರಿ ಯೂಟ್ಯೂಬಿನಲ್ಲಿ ನೋಡಿದ ಹಾಗೆ ಮಂಡಿ ಬಗ್ಗಿಸಿ, ಚೆಂಡು ಎತ್ತಿ, ಉಸಿರೆಲ್ಲ ಸೇರಿಸಿ ಹೊಡೆದೆ. ಅಷ್ಟು ಜೋರಾದ ಸರ್ವ್ ನಾನು ಮೊದಲೂ ಹಾಕಿಲ್ಲ, ಆಮೇಲೂ ಹಾಕಿಲ್ಲ. ‘ಟಪ್’ ಅಂತ ಶಬ್ದ ಬಂತು. ಮೇಷ್ಟ್ರು ನಿಧಾನಕ್ಕೆ ನೆಟ್ಟಗಾದರು, ಸೊಂಟದ ಕೆಳಗೆ ಕೈಯಿಟ್ಟುಕೊಂಡು ತಿರುಗಿದರು. “ಎದುರು ಪಾರ್ಟಿ ಆ ಕಡೆ ಇದ್ದಾರಪ್ಪ.” ಅಷ್ಟೇ. ನಾನು ಎರಡನೇ ಸರ್ವ್ ಹಾಕುವಷ್ಟರಲ್ಲಿ ಅವರು ಕೋರ್ಟಿನ ಆಚೆ ಬೆಂಚಿನ ಹಿಂದೆ ನಿಂತಿದ್ದರು.

ಸಮಾಧಾನಕ್ಕೆ ಅಂತ ನಾನು ಟೆನ್ನಿಸ್ ದಿಗ್ಗಜ ರೋಜರ್ ಫೆಡರರ್ ಲೆಕ್ಕ ತೆಗೆದೆ. 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಮಾತಾಡುವಾಗ ಆತನೇ ಹೇಳಿದ್ದು: ಆಡಿದ್ದು 1526 ಸಿಂಗಲ್ಸ್ ಪಂದ್ಯ, ಗೆದ್ದಿದ್ದು ಹೆಚ್ಚುಕಮ್ಮಿ ನೂರಕ್ಕೆ 80, ಆದರೆ ಪಾಯಿಂಟುಗಳಲ್ಲಿ ಗೆದ್ದಿದ್ದು ಬರೀ ನೂರಕ್ಕೆ 54. “ನೋಡಿ ಸಾರ್, ಫೆಡರರ್ ಕೂಡ ಅರ್ಧಕ್ಕರ್ಧ ಪಾಯಿಂಟ್ ಸೋತಿದ್ದಾನೆ, ನಾನೂ ಅಲ್ಲೇ ಸುತ್ತಮುತ್ತ ಇದ್ದೀನಿ ಅಲ್ವಾ?”

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. “ಅವನು ಸೋತದ್ದನ್ನ ಎದುರಿನವನು ಕಷ್ಟಪಟ್ಟು ಗೆದ್ದಿರ್ತಾನೆ. ನಿನ್ನದು ಹಾಗಲ್ಲ, ದಾನ.”

ಇಷ್ಟೆಲ್ಲ ಆದರೂ ನನಗೊಂದು ಆಸೆ ಉಳಿದಿತ್ತು. ಆಟ ಬರದಿದ್ದರೂ ಹೋಗಲಿ, ಆಟದ ಕಾಯಿಲೆಯಾದರೂ ಬರಲಿ. ಟೆನ್ನಿಸ್ ಎಲ್ಬೋ. ಆಫೀಸಿನಲ್ಲಿ ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಫೈಲ್ ಎತ್ತುವಾಗ ಮುಖ ಹಿಂಡಿದರೆ ಯಾರಾದರೂ ಕೇಳೇ ಕೇಳ್ತಾರೆ. ಬರಲಿಲ್ಲ. ಬಂದಿದ್ದು ನಮ್ಮ ಮನೆಯವಳಿಗೆ. ಲೋಟ ಎತ್ತಿದರೆ ನೋವು, ಬಟ್ಟೆ ಹಿಂಡಿದರೆ ನೋವು. ಮೂಳೆ ಡಾಕ್ಟರು ಮೊಣಕೈ ಹೊರಮಗ್ಗುಲು ಒತ್ತಿ ನೋಡಿ “ಟೆನ್ನಿಸ್ ಎಲ್ಬೋ” ಅಂದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. “ಡಾಕ್ಟ್ರೇ, ಟೆನ್ನಿಸ್ ಆಡೋನು ನಾನು!”

“ಇದು ಆಡದೇ ಇರೋರಿಗೇ ಜಾಸ್ತಿ ಬರೋದು. ಮುಂಗೈ ತಿರುಗಿಸಿ ತಿರುಗಿಸಿ ಮಾಡೋ ಕೆಲಸ ಯಾವುದಾದರೂ ಸರಿ.” ಅವಳ ಕಡೆ ತಿರುಗಿ, “ಮನೇಲಿ ಮುದ್ದೆನಾ?”

ಮಂಡ್ಯದ ಹೆಣ್ಣುಮಗಳನ್ನು ಕೇಳುವ ಪ್ರಶ್ನೆಯೇ ಅದು? ಹದಿನೆಂಟು ವರ್ಷದಿಂದ ದಿನಾ ರಾತ್ರಿ ಮುದ್ದೆ. ಆರು ವಾರ ಕೋಲು ಮುಟ್ಟಬಾರದು ಅಂತ ಹೇಳಿ, ಕೈಗೆ ನಾನು ಆಸೆಪಟ್ಟಿದ್ದ ಅದೇ ಪಟ್ಟಿ ಕಟ್ಟಿ ಕಳಿಸಿದರು.

ಅವತ್ತು ರಾತ್ರಿ ಕೋಲು ನನ್ನ ಕೈಗೆ ಬಂತು. ಫೋರ್‌ಹ್ಯಾಂಡ್ ಬಾರಿಸುವ ಮಣಿಕಟ್ಟಿಗೆ ಹಿಟ್ಟು ಯಾವ ಲೆಕ್ಕ ಅಂತ ಪಾತ್ರೆ ಅದುಮಿ ಹಿಡಿದು ತಿರುವಿದೆ. ಹಿಟ್ಟು ಒಂದು ಕಡೆ, ನೀರು ಒಂದು ಕಡೆ, ಕೋಲು ಇನ್ನೊಂದು ಕಡೆ. ಬೆವರು ಸುರಿಸಿ ಕೊನೆಗೆ ಕಟ್ಟಿದ ಮುದ್ದೆಯನ್ನು ಅವಳು ಪಟ್ಟಿ ಕಟ್ಟಿದ ಕೈಯಲ್ಲೇ ಮುರಿದಳು. ಒಳಗೆ ಗೋಲಿ ಗಾತ್ರದ ಗಂಟು, ಅದರೊಳಗೆ ಒಣ ಹಿಟ್ಟು.

ತಟ್ಟೆ ನನ್ನ ಕಡೆ ಸರಿಸಿದಳು. “ಎರಡನೇ ಸರ್ವ್ ಇದೆಯಲ್ಲ, ಎಸರಿಡಿ ರೀ.”