ಡಬ್ಬದ ಲೆಕ್ಕದಲ್ಲಿ ಎದೆಹಾಲು

ನಿನ್ನೆ ಚನ್ನಗಿರಿ ಕಡೆ ದೊಡ್ಡಮ್ಮನ ಊರಿಗೆ ಹೋಗಿದ್ದೆ. ಅಡಿಕೆ ಕೊಯ್ಲು ಜೋರಾಗಿದೆ. ತೋಟದ ಫಸಲನ್ನ ಗುತ್ತಿಗೆ ಹಿಡಿಯೋ ಖೇಣಿಯವರ ಶೆಡ್ಡಿನಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ಅಡಿಕೆ ಸುಲೀತಿದ್ರು. ಅವರಲ್ಲೊಬ್ಬ ಹುಡುಗಿ ಕಂಬಕ್ಕೆ ಹಳೇ ಸೀರೆ ಜೋಲಿ ಕಟ್ಟಿ ಕೂಸನ್ನ ಮಲಗಿಸಿದ್ಲು. ಮೂರು ನಾಲ್ಕು ತಿಂಗಳಿನದ್ದು ಇರಬಹುದು. ಅದು ಅಳ್ತು, ಒಂದು ಕೈಲಿ ತೂಗಿ ಮತ್ತೆ ಸುಲಿಯೋಕೆ ಕೂತಳು. ಮತ್ತೆ ಅಳ್ತು.

"ಎತ್ಕೊಂಡು ಹಾಲು ಕುಡಿಸವ್ವ" ಅಂದೆ. ಅಂಗೈ ತೋರಿಸಿದಳು. ಅಡಿಕೆ ಕರೆ ಹತ್ತಿ ಬೆರಳೆಲ್ಲ ಕಪ್ಪಿಟ್ಟಿದ್ವು. "ಕೈ ತೊಳಿಯೋಕೆ ಬೋರಿನ ತನಕ ಹೋಗ್ಬೇಕಕ್ಕ. ಹೋಗಿ ಬಂದು ಕುಡಿಸೋದ್ರೊಳಗೆ ಒಂದು ಡಬ್ಬ ಹೋಯ್ತು." ಅಲ್ಲಿ ಕೂಲಿ ಸುಲಿದ ಅಡಿಕೆಯ ಡಬ್ಬದ ಲೆಕ್ಕ. ಪಕ್ಕದಲ್ಲಿದ್ದ ಅಜ್ಜಿ ಟೀಯಲ್ಲಿ ಬಿಸ್ಕತ್ತು ಅದ್ದಿ ಕೂಸಿನ ಬಾಯಿಗಿಟ್ಟರು.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅಜ್ಜಿ ಮೇಲಲ್ಲ, ಆ ಹುಡುಗಿ ಮೇಲಂತೂ ಅಲ್ಲವೇ ಅಲ್ಲ.

ವರ್ಷಾ ವರ್ಷ ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ ಮಾಡ್ತೀವಿ. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ, ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಕೊಡಬೇಡಿ ಅಂತ ಹೇಳ್ತೀವಿ. ಒಂದೊಂದು ಮಾತೂ ನಿಜ. ಆದ್ರೆ ಪ್ರತಿ ಸಲ ಹೇಳಿಸಿಕೊಳ್ಳೋಳು ತಾಯಿ ಒಬ್ಬಳೇ. ಕೂಲಿಗೆ ಕರೆಯೋರನ್ನ ಕೂರಿಸಿಕೊಂಡು ಬುದ್ಧಿ ಹೇಳಿದ ಒಂದು ಸಭೆಯನ್ನೂ ನಾನು ನೋಡಿಲ್ಲ.

ನನ್ನದು ಸರ್ಕಾರಿ ಶಾಲೆ ನೌಕರಿ ಅಂತ ನಿಮಗೆಲ್ಲ ಗೊತ್ತು. 180 ದಿನ ಸಂಬಳ ಸಮೇತ ರಜೆ ಸಿಕ್ತು, ಮಗಳು ಆರು ತಿಂಗಳು ಬರೀ ನನ್ನ ಹಾಲು ಕುಡಿದು ಬೆಳೆದಳು. ನೆಂಟರೆಲ್ಲ ನನ್ನನ್ನ ಹೊಗಳಿದ್ರು. ಹೊಗಳಬೇಕಾಗಿದ್ದು ಆ ರಜೆಯನ್ನ.

ಕೂಲಿ ಹೆಂಗಸಿಗೆ ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಕೂಸಿಗೆ 5,000 ರೂಪಾಯಿ ಬರುತ್ತೆ, ಅದೂ ಕಂತಿನಲ್ಲಿ. 2025-26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ಇತ್ತು. ಭಾಗಿಸಿ ನೋಡಿ, ಹದಿನಾಲ್ಕು ದಿನದ ಕೂಲಿಯೂ ಆಗಲ್ಲ. ಹದಿನೈದನೇ ದಿನದಿಂದ ಆ ಮನೆಯ ಒಲೆ ಹೇಗೆ ಉರೀಬೇಕು? 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಕೂಸಿಗೆ 15 ತಿಂಗಳಾಗೋವರೆಗೆ ದಿನಕ್ಕೆರಡು ಸಲ ಹಾಲುಣಿಸೋಕೆ ಬಿಡುವು ಕೊಡಬೇಕು ಅಂತಿದೆ. 2017ರಲ್ಲಿ ರಜೆಯನ್ನೂ 12ರಿಂದ 26 ವಾರಕ್ಕೆ ಏರಿಸಿದ್ರು. ಸಂತೋಷವೇ. ಆದ್ರೆ ಆ ಬಿಡುವು ಅಡಿಕೆ ಶೆಡ್ಡಿಗಾಗಲಿ, ಈರುಳ್ಳಿ ಹೊಲಕ್ಕಾಗಲಿ, ದಾವಣಗೆರೆಯ ಮಂಡಕ್ಕಿ ಭಟ್ಟಿಗಾಗಲಿ ಬಂದದ್ದನ್ನ ನಾನು ಕಂಡಿಲ್ಲ.

ಆಮೇಲೆ ಎಲ್ಲರೂ ಸೇರಿ "ಅವಳಿಗೆ ಹಾಲು ಸಾಲ್ದು" ಅಂತ ತೀರ್ಮಾನ ಕೊಡ್ತಾರೆ. ಈ ಮಾತು ಕೇಳಿದ್ರೆ ಮೈ ಉರಿಯುತ್ತೆ. ಕೂಸು ಚೀಪಿದಷ್ಟೂ ಹಾಲು ಬರುತ್ತೆ. ಎದೆ ತುಂಬಿಕೊಂಡೇ ಗಂಟೆಗಟ್ಟಲೆ ಕೂತರೆ ಮೈ ತಾನಾಗೇ ಹಾಲು ಕಮ್ಮಿ ಮಾಡುತ್ತೆ. ಬೆಳಿಗ್ಗೆಯಿಂದ ಸಂಜೆ ತನಕ ಕುಡಿಸೋಕೆ ಬಿಡದೆ ಇದ್ದದ್ದು ಕೆಲಸ, ಹೆಸರು ಕೆಟ್ಟದ್ದು ತಾಯಿಯದು.

"ನಮ್ಮಜ್ಜಿ ಹೊಲದಲ್ಲಿ ಕಳೆ ಕೀಳ್ತಾನೇ ಎಂಟು ಮಕ್ಕಳನ್ನ ಸಾಕಿದ್ರು" ಅಂತ ಯಾರಾದ್ರೂ ಬರೆದೇ ಬರೀತೀರಿ. ನಿಮ್ಮಜ್ಜಿ ತಮ್ಮ ಸ್ವಂತ ಹೊಲದಲ್ಲಿದ್ರು, ಬೇಕೆಂದಾಗ ಬದುವಿನ ಮೇಲೆ ಕೂರಬಹುದಿತ್ತು. ಹೆತ್ತದ್ದೆಷ್ಟು, ಉಳಿದದ್ದೆಷ್ಟು ಅಂತ ಅವರನ್ನ ಕೇಳಿದ್ದೀರಾ? 1971ರಲ್ಲೂ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಕೂಸು ಒಂದು ವರ್ಷ ತುಂಬೋದರೊಳಗೆ ತೀರಿಕೊಳ್ತಿದ್ವು. ಅಜ್ಜಿಯರ ಕಷ್ಟವನ್ನ ತಂದು ಮೊಮ್ಮಕ್ಕಳ ತಲೆಗೆ ಕಟ್ಟಬೇಡಿ.

ಖೇಣಿ ಮಾಡೋ ನನ್ನ ಹಳೇ ವಿದ್ಯಾರ್ಥಿಗಳು ನನ್ನ ಗೆಳೆಯರ ಪಟ್ಟಿಯಲ್ಲಿ ಎಷ್ಟೋ ಜನ ಇದ್ದೀರಿ. ನಿಮಗೇ ಹೇಳ್ತಿರೋದು ಕಣ್ರಪ್ಪ. ಶೆಡ್ಡಿನ ಹತ್ರ ಒಂದು ಡ್ರಮ್ ನೀರು, ಸೋಪು ಇಡಿ. ಮೂಲೆಯಲ್ಲಿ ಒಂದು ಚಾಪೆ, ಅಡ್ಡಕ್ಕೊಂದು ಟಾರ್ಪಾಲು ಕಟ್ಟಿಸಿ. ಬಾಣಂತಿ ಹಾಲು ಕುಡಿಸೋಕೆ ಎದ್ದಾಗ ದಿನಕ್ಕೆ ಎರಡು ಡಬ್ಬ ಅವಳ ಲೆಕ್ಕಕ್ಕೆ ಸೇರಿಸಿ ಬರೀರಿ. ಅಡಿಕೆ ರೇಟು ಮಾತಾಡುವಾಗ ನೀವು ಸಾವಿರದ ಕೆಳಗೆ ಇಳಿಯೋದೇ ಇಲ್ಲ, ಎರಡು ಡಬ್ಬಕ್ಕೆ ಚೌಕಾಸಿ ಮಾಡಬೇಡಿ. ಟಾರ್ಪಾಲು, ಡ್ರಮ್ಮಿನ ಖರ್ಚು ಭಾರ ಅನ್ನೋರು ನನಗೆ ಫೋನ್ ಮಾಡಿ, ಭಾನುವಾರ ನಾನೇ ತಗೊಂಡು ಬರ್ತೀನಿ.