ದಿಲ್ಲಿಯ ಅಕ್ಕಿ, ಬೆಂಗಳೂರಿನ ಅನ್ನ

ಹಾಸನ ತಾಲೂಕು ದುದ್ದದ ಹತ್ತಿರ ಇರುವ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಎರಡು ಸರ್ಕಾರಗಳಿವೆ. ಚಿಕ್ಕಪ್ಪ ಕೇಂದ್ರ, ಚಿಕ್ಕಮ್ಮ ರಾಜ್ಯ. ಚಿಕ್ಕಪ್ಪನಿಗೆ ಪಿಎಂ ಕಿಸಾನ್ ದುಡ್ಡು ನಾಲ್ಕು ತಿಂಗಳಿಗೊಮ್ಮೆ 2,000 ರೂಪಾಯಿ. ಚಿಕ್ಕಮ್ಮನಿಗೆ ಗೃಹಲಕ್ಷ್ಮಿ ತಿಂಗಳಿಗೆ 2,000. ತಿಂಗಳಿಗೆ ಅನ್ನುವುದು ಆದೇಶದ ಮಾತು, ಕ್ಯಾಲೆಂಡರಿನದಲ್ಲ. ಹಾಸನಾಂಬೆ ವರ್ಷಕ್ಕೊಮ್ಮೆ ಬಾಗಿಲು ತೆರೆದರೂ ತಾರೀಖು ಮೊದಲೇ ಗೊತ್ತಿರುತ್ತದೆ, ಅಲ್ವಾ?

ಮನೆಯಲ್ಲಿ ಫೋನ್ ಒಂದೇ. 2,000 ಜಮಾ ಅಂತ ಮೆಸೇಜ್ ಬಂದರೆ ಜಗಳ ಶುರು. "ಇದು ನಂದು" ಅನ್ನುತ್ತಾರೆ ಚಿಕ್ಕಪ್ಪ. "ನಿಮ್ದು ಹೋದ ತಿಂಗಳೇ ಬಂದು ಗೊಬ್ಬರಕ್ಕೆ ಹೋಯ್ತಲ್ಲ" ಅನ್ನುತ್ತಾರೆ ಚಿಕ್ಕಮ್ಮ.

ಅಕ್ಕಿಯದು ಇನ್ನೊಂದು ಕತೆ. ತಲೆಗೆ 5 ಕೆಜಿ ದಿಲ್ಲಿಯದು. ಇನ್ನೈದು ಕೆಜಿ ನಾವು ಕೊಡ್ತೀವಿ ಅಂತ 2023ರಲ್ಲಿ ಬೆಂಗಳೂರು ಹೇಳಿತು. ದುಡ್ಡು ಕೊಡ್ತೀವಿ, ಅಕ್ಕಿ ಮಾರಿ ಅಂದರೆ ದಿಲ್ಲಿ ರಾಜ್ಯಗಳಿಗೆ ಮಾರೋದನ್ನೇ ನಿಲ್ಲಿಸಿತು. ಕೊನೆಗೆ ಅಕ್ಕಿ ಬದಲು ಕೆಜಿಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಬಂತು. ಎರಡು ಸರ್ಕಾರ ಮುನಿಸಿಕೊಂಡಾಗ ಅನ್ನ ಕರಗಿ ನಗದಾಗುತ್ತದೆ ಅಂತ ನಮಗೆ ತಿಳಿದದ್ದು ಆಗಲೇ. 2025ರ ಫೆಬ್ರವರಿಯಲ್ಲಿ ನಗದು ಮತ್ತೆ ಅಕ್ಕಿಯಾಯಿತು. ಎರಡನ್ನೂ ಒಂದೇ ಚೀಲಕ್ಕೆ ಸುರಿಸಿಕೊಂಡು ಬಂದ ಚಿಕ್ಕಮ್ಮ ದಿಲ್ಲಿ ಕಾಳು ಯಾವುದು, ಬೆಂಗಳೂರು ಕಾಳು ಯಾವುದು ಅಂತ ನೋಡದೆ ಸುಮ್ನೆ ಕುಕ್ಕರಿಗೆ ಹಾಕಿಬಿಟ್ಟರು.

ಪಕ್ಕದ ಮನೆ ಅಜ್ಜಿಗೆ ವೃದ್ಧಾಪ್ಯ ವೇತನ. ಅದರಲ್ಲಿ ದಿಲ್ಲಿಯ ಪಾಲು 200 ರೂಪಾಯಿ, ಹತ್ತು ವರ್ಷಕ್ಕೂ ಮೇಲಾಯಿತು, ಕದಲಿಲ್ಲ. 80 ತುಂಬಿದರೆ 500. ಹಸಿವು 80ರ ಮೇಲೆ ಜಾಸ್ತಿ ಅಂತ ಯಾರೋ ಕಂಡುಹಿಡಿದಿರಬೇಕು. ಉಳಿದದ್ದು ರಾಜ್ಯದ್ದು. ಒಮ್ಮೆ ದುಡ್ಡು ನಿಂತಿತು. ವಿಚಾರಿಸಲು ಹೋದರೆ "ಅದು ಕೇಂದ್ರದಿಂದ ಆಗಬೇಕಮ್ಮ" ಅಂದರಂತೆ. "ಕೇಂದ್ರ ಅಂದ್ರೆ ಎಲ್ಲಿ ಬರುತ್ತಪ್ಪ, ಅರಸೀಕೆರೆ ಆಚೆಗಾ? ಬಸ್ಸು ಫ್ರೀ ಇದೆ, ಹೋಗಿ ಬತ್ತೀನಿ" ಅಂತು ಅಜ್ಜಿ.

ಇಷ್ಟೆಲ್ಲ ಗೋಜಲು ಯಾಕೆ, ಎಲ್ಲರಿಗೂ ಏನೂ ಕೇಳದೆ ಇಷ್ಟು ಅಂತ ಕೊಟ್ಟುಬಿಡಿ ಅನ್ನುವವರಿದ್ದಾರೆ. ಅದಕ್ಕೆ ಮೂಲ ಆದಾಯ ಅಂತ ಹೆಸರು. 2017ರ ಜನವರಿಯ ಕೇಂದ್ರದ ಆರ್ಥಿಕ ಸಮೀಕ್ಷೆಯಲ್ಲಿ ಇದಕ್ಕೇ ಒಂದು ಅಧ್ಯಾಯವಿತ್ತು. ತಲೆಗೆ ವರ್ಷಕ್ಕೆ 7,620 ರೂಪಾಯಿ ಅಂತ ಲೆಕ್ಕವನ್ನೂ ಹಾಕಿದ್ದರು. ಅಧ್ಯಾಯ ಚೆನ್ನಾಗಿದೆ. ಇವತ್ತಿಗೂ ಪುಸ್ತಕದಲ್ಲೇ ಇದೆ.

ತೆರಿಗೆಯ ದೊಡ್ಡ ಗಂಟು ದಿಲ್ಲಿಯ ಕೈಯಲ್ಲಿದೆ. ಯಾರ ಮನೆ ಒಲೆ ಉರಿಯುತ್ತಿಲ್ಲ ಅಂತ ಗೊತ್ತಿರೋದು ಊರಿಗೆ ಹತ್ತಿರ ಇರೋರಿಗೆ. ದಿಲ್ಲಿ ಪಾಯ ಹಾಕಲಿ, ಬೆಂಗಳೂರು ಗೋಡೆ ಎಬ್ಬಿಸಲಿ ಅನ್ನೋದು ನನ್ನಂಥ ದಡ್ಡನಿಗೂ ಹೊಳೆಯುತ್ತದೆ. ಆದರೆ ನಮ್ಮಲ್ಲಿ ಪಾಯಕ್ಕಿಂತ ಮೊದಲು ಬೋರ್ಡು ನಿಲ್ಲಬೇಕು. ಬೋರ್ಡಿನಲ್ಲಿ ಯಾರ ಫೋಟೊ?

ನನ್ನ ಹತ್ತಿರ ಒಂದು ಉಪಾಯ ಇದೆ. 2023ರ ಮೇನಲ್ಲಿ ಹಿಂದಕ್ಕೆ ತಗೊಂಡರಲ್ಲ, ಆ 2,000ದ ನೋಟು ಮತ್ತೆ ಬರಲಿ. ಒಂದು ಮಗ್ಗುಲು ದಿಲ್ಲಿಯ ಫೋಟೊ, ಇನ್ನೊಂದು ಮಗ್ಗುಲು ಬೆಂಗಳೂರಿನದು. ಗಾಂಧೀಜಿ ಸ್ವಲ್ಪ ಸರಿದು ಕೂರಲಿ. ಅವರಿಗೆ ಅಭ್ಯಾಸ ಇದೆ.

ಮೊನ್ನೆ ನಾನು ಅಲ್ಲಿದ್ದಾಗಲೇ ಫೋನ್ ಟಿಣ್ ಅಂತು. ಚಿಕ್ಕಪ್ಪ ಕನ್ನಡಕ ಹುಡುಕಿದರು, ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಓಡಿ ಬಂದರು. ನಾನು ಓದಿದೆ. ಜಮಾ ಅಲ್ಲ, ಕಡಿತ. ಬ್ಯಾಂಕಿನವರು ಎಸ್‌ಎಂಎಸ್ ಕಳಿಸಿದ್ದಕ್ಕೆ 15 ರೂಪಾಯಿ, ಮೇಲೆ ಜಿಎಸ್‌ಟಿ 2 ರೂಪಾಯಿ 70 ಪೈಸೆ. ಕೇಂದ್ರಕ್ಕೆ 1.35, ರಾಜ್ಯಕ್ಕೆ 1.35. ಒಂದು ಪೈಸೆಯ ತಕರಾರಿಲ್ಲ.