ಒಪ್ಪಿಗೆ ಅಂತೆ, ಒಪ್ಪಿಗೆ!

ಬೆಳಿಗ್ಗೆ ಎಬ್ಬಿಸಲಿ ಅಂತ ಒಂದು ಅಲಾರಂ ಆ್ಯಪ್ ಹಾಕಿಕೊಂಡೆ. ತೆರೆದ ತಕ್ಷಣ ಅದಕ್ಕೆ ನನ್ನ ಕಾಂಟ್ಯಾಕ್ಟ್ ಲಿಸ್ಟ್ ಬೇಕಂತೆ! ನನ್ನನ್ನು ಎಬ್ಬಿಸಲು ನಮ್ಮ ಅತ್ತೆಯ ನಂಬರ್ ಯಾಕಪ್ಪಾ? (ಅವರು ಒಮ್ಮೆ ಕೂಗಿದರೆ ಆ್ಯಪೇ ಬೇಕಾಗಿಲ್ಲ, ಆ ಮಾತು ಬೇರೆ.)

‘ಒಪ್ಪುತ್ತೇನೆ’ ಬಟನ್ ಹಸಿರಾಗಿ, ದೊಡ್ಡದಾಗಿ ಕಣ್ಣು ಕುಕ್ಕುತ್ತದೆ. ‘ಬೇಡ’ ಅನ್ನುವುದು ಮಾತ್ರ ಮೂಲೆಯಲ್ಲಿ, ಮಾಸಲು ಬಣ್ಣದಲ್ಲಿ, ಇರುವೆ ಸಾಲಿನಂತೆ. ಬೇಕಂತಲೇ ಮಾಡುವುದು ಇದು. 2010ರಲ್ಲೇ ಹ್ಯಾರಿ ಬ್ರಿಗ್ನಲ್ ಎಂಬ ಡಿಸೈನರ್ ಇಂಥ ಆಟಗಳಿಗೆ ‘ಡಾರ್ಕ್ ಪ್ಯಾಟರ್ನ್’ ಅಂತ ಹೆಸರಿಟ್ಟರು. 2018ರಲ್ಲಿ ಜಾರಿಯಾದ ಯುರೋಪಿನ ಜಿಡಿಪಿಆರ್ ಎಂಬ ಖಾಸಗಿ ಮಾಹಿತಿ ರಕ್ಷಣೆಯ ಕಾನೂನಂತೂ, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು ಅನ್ನುತ್ತದೆ. ನನ್ನ ಫೋನಿನಲ್ಲೋ, ಕೊಡಲು ಒಂದೇ ಒತ್ತು, ವಾಪಸ್ ಪಡೆಯಲು ಸೆಟ್ಟಿಂಗ್ಸ್ ತುಂಬಾ ಅಲೆದಾಟ.

ಸಾಕಾಗಿ ಆ್ಯಪನ್ನೇ ಕಿತ್ತುಹಾಕಿದೆ. ಈಗ ‘ಯಾಕೆ ಬಿಟ್ಟು ಹೋದಿರಿ?’ ಅಂತ ಮೇಲ್ ಬಂದಿದೆ.